ಮೈಯೆಲ್ಲ ಕಣ್ಣು

ನಮ್ಮ ಮಾತಿನಲ್ಲಿ ‘ಮೈಯೆಲ್ಲ ಕಣ್ಣಾಗಿ’ ಎಂಬ ನುಡಿಯೊಂದು ಬಳಕೆಯಲ್ಲಿರುವುದು ವಾಚಕರೆಲ್ಲರಿಗೂ ತಿಳಿದ ಸಂಗತಿ. ದೂರದೂರಿನಿಂದ ಬರಬೇಕಾದ ಮಗನ ದಾರಿಯನ್ನು ತಾಯಿಯು ಮೈಯೆಲ್ಲ ಕಣ್ಣಾಗಿ ಕಾಯುತ್ತಾಳೆ. ಬೆಳೆದ ಪೈರನ್ನು ರೈತನು ಮೈಯೆಲ್ಲ ಕಣ್ಣಾಗಿ ನೋಡಿಕೊಳ್ಳುತ್ತಾನೆ. ಮೂವತ್ತು ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದ ನಾನು ಈ ನುಡಿಯನ್ನು ಮಕ್ಕಳ ಪ್ರಬಂಧಗಳಲ್ಲಿ ಎಷ್ಟು ಸಾರಿ ಓದಿ, ಅಂಚಿನಲ್ಲಿ ‘ಚೆನ್ನಾಗಿದೆ’ ಎಂದು ಬರೆದಿರುವೆನೋ ಲೆಕ್ಕವಿಲ್ಲ. ಇದು ಬರಿಯ ಅಲಂಕಾರವಲ್ಲ, ಅಭ್ಯಾಸದಿಂದ ಸಾಧಿಸಿಕೊಳ್ಳಬಹುದಾದ ಒಂದು ಸ್ಥಿತಿ ಎಂಬುದು ಮಾತ್ರ ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ, ಕೇರಳದ ಒಂದು ಕಳರಿಯಲ್ಲಿ. ನನ್ನನ್ನು ಅಲ್ಲಿಗೆ ಕರೆದೊಯ್ದವಳು ನನ್ನ ಮಗಳು. ಆದರೆ ಕಥೆಯ ಮೊದಲು ಅವಳಲ್ಲ. ಒಂದು ಮರದ ಕತ್ತಿ.

1968ರಲ್ಲಿ, ನನಗೆ ಹದಿನಾಲ್ಕು ವರ್ಷವಾಗಿದ್ದಾಗ, ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಅಭಿಮನ್ಯುವಿನ ವಧೆಯ ನಾಟಕವನ್ನು ಆಡಬೇಕೆಂದು ಗೊತ್ತಾಯಿತು. ನನ್ನ ಪಕ್ಕದ ಮನೆಯ ಗೆಳೆಯನೇ ಅಭಿಮನ್ಯು. ನಾನು ಅವನನ್ನು ಸುತ್ತುಗಟ್ಟಿದ ಆರು ಮಂದಿಯಲ್ಲಿ ಒಬ್ಬನಾದ ಅಶ್ವತ್ಥಾಮ. ಗೆಳೆಯನು ನಿಜವಾಗಿಯೂ ನಟ. ಅವನು ಬಾಯಿ ತೆರೆದರೆ ಅಭ್ಯಾಸವನ್ನು ನೋಡಲು ಬಂದ ಜವಾನನೂ ಪೊರಕೆಯನ್ನು ಕೆಳಗಿಟ್ಟು ನಿಲ್ಲುತ್ತಿದ್ದನು. ನನಗಾದರೋ ಮಾತಿಗಿಂತ ಕತ್ತಿಯ ಮೇಲೆ ಪ್ರೀತಿ. ಊರ ಬಡಗಿ ಹಲಗೆಯನ್ನು ಸೀಳಿ ಕತ್ತಿಗಳನ್ನು ಮಾಡಿಕೊಟ್ಟಿದ್ದನು. ದೀಪದ ಬೆಳಕಿಗೆ ಮಿನುಗಲೆಂದು ನಾವೇ ಅವಕ್ಕೆ ತಗಡು ಹೊಡೆದುಕೊಂಡೆವು. ತಿಂಗಳುಗಟ್ಟಲೆ ಮಾತುಗಳನ್ನು ಕಲಿಸಿದ ಮೇಷ್ಟರು ಕಾಳಗದ ವಿಷಯದಲ್ಲಿ ಹೇಳಿದ್ದು ಒಂದೇ ವಾಕ್ಯ: ‘ಆಮೇಲೆ ಯುದ್ಧ ಮಾಡಿ.’

ಅಂದು ರಾತ್ರಿ ನಾವು ಯುದ್ಧ ಮಾಡಿದೆವು. ಜನರು ಶಿಳ್ಳೆ ಹಾಕಿದರು. ಆ ಶಿಳ್ಳೆ ನನ್ನ ತಲೆಗೆ ಏರಿತು. ಮುಂದೆ ಇದ್ದವನು ಗೆಳೆಯನೆಂಬುದನ್ನು ಮರೆತು, ಮುಖವನ್ನು ಜನರ ಕಡೆಗೆ ತಿರುಗಿಸಿ, ಕತ್ತಿಯನ್ನು ಬೀಸಿದೆನು. ತಗಡಿನ ಮೂಲೆಯು ಅವನ ಎಡಹುಬ್ಬಿನ ಮೇಲೆ ಬಿದ್ದಿತು. ರಕ್ತವು ಕೆನ್ನೆಯ ಮೇಲೆ ಇಳಿಯಿತು. ಇದೂ ನಾಟಕದ ಚಮತ್ಕಾರವೆಂದು ತಿಳಿದ ಜನರು ಮತ್ತಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು. ಅವನು ಒಂದು ಕಣ್ಣನ್ನು ಮುಚ್ಚಿಕೊಂಡೇ ತನ್ನ ಸಾವಿನ ಮಾತುಗಳನ್ನೆಲ್ಲ ಆಡಿ ಮುಗಿಸಿ, ಆ ಬಳಿಕ ಬಿದ್ದನು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ದೇವರ ದಯೆಯಿಂದ ಕಣ್ಣು ಉಳಿಯಿತು. ಕಾಲು ಜಾರಿ ಬಿದ್ದೆನೆಂದು ಅವನು ಮನೆಯಲ್ಲಿ ಹೇಳಿದನು. ಆದರೆ ಅವನು ಮತ್ತೆ ರಂಗವನ್ನು ಹತ್ತಲಿಲ್ಲ. ನಾನು ಅವನ ಕ್ಷಮೆಯನ್ನು ಕೇಳಲೂ ಇಲ್ಲ. ಮೊದಲ ದಿನ ಕೇಳದ ಮಾತನ್ನು ಎರಡನೆಯ ದಿನ ಕೇಳುವುದು ಇನ್ನೂ ಕಷ್ಟವಾಯಿತು. ಹೀಗೆ ದಿನಗಳು ಸೇರಿ ಐವತ್ತು ವರ್ಷಗಳಾದವು.

ಇಂಥ ನನಗೆ ಹುಟ್ಟಿದ ಮಗಳು ನಾಟಕವನ್ನೇ ತನ್ನ ವೃತ್ತಿಯಾಗಿ ಆರಿಸಿಕೊಂಡಳು. ಅದಕ್ಕೆ ನಾನು ಅಡ್ಡಿಮಾಡಲಿಲ್ಲ. ಆದರೆ ಒಂದು ದಿನ ಅವಳು, ತಿರುವನಂತಪುರಕ್ಕೆ ಹೋಗಿ ಒಂದು ವರ್ಷ ಕಳರಿಪಯಟ್ಟನ್ನು ಕಲಿಯುವೆನೆಂದಾಗ ನನ್ನ ಎದೆ ಧಸಕ್ಕೆಂದಿತು. ‘ನಟಿಗೆ ಕತ್ತಿ ಗುರಾಣಿಗಳು ಏತಕ್ಕೆ? ಹಾಡು ಕಲಿ, ಕುಣಿತ ಕಲಿ, ಬೇಡವೆನ್ನುವುದಿಲ್ಲ. ಹೊಡೆದಾಟವನ್ನು ಕಲಿತು ಯಾರಿಗೆ ಏನು ಸಂದಬೇಕು?’ ಎಂದೆನು. ದನಿ ಸ್ವಲ್ಪ ಗಡುಸಾಗಿಯೇ ಇದ್ದಿರಬೇಕು. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಅಪ್ಪಾ, ನಾನು ಹೋಗಿ ಮೂರು ತಿಂಗಳಾದ ಮೇಲೆ ನೀವೇ ಬಂದು ನೋಡಿ. ನೋಡಿದ ಮೇಲೆಯೂ ಬೇಡವೆಂದರೆ ನಿಮ್ಮ ಸಂಗಡವೇ ಊರಿಗೆ ಹಿಂದಿರುಗುತ್ತೇನೆ’ ಎಂದಳು. ಮಕ್ಕಳು ಹೀಗೆ ನ್ಯಾಯವಾಗಿ ಮಾತನಾಡಿದರೆ ತಂದೆಯಾದವನಿಗೆ ದಾರಿ ಉಳಿಯುವುದಿಲ್ಲ.

ಕೊಟ್ಟ ಮಾತಿನಂತೆ ಮೂರು ತಿಂಗಳ ಬಳಿಕ ಹೋದೆನು. ಬೆಳಗಿನ ಜಾವದಲ್ಲಿಯೇ ಎಬ್ಬಿಸಿ ಮಗಳು ನನ್ನನ್ನು ಕಳರಿಗೆ ಕರೆದೊಯ್ದಳು. ಕಳರಿಯೆಂದರೆ ನಮ್ಮ ಗರಡಿಯಂಥ ಒಂದು ಸ್ಥಳ. ಆದರೆ ನೆಲಮಟ್ಟಕ್ಕಿಂತ ಕೆಳಗೆ ತೋಡಿದ್ದು. ಸಂಪ್ರದಾಯದ ಅಳತೆ 42 ಅಡಿ ಉದ್ದ, 21 ಅಡಿ ಅಗಲ. ಬಾಗಿಲು ಪೂರ್ವಕ್ಕೆ, ನೈರುತ್ಯದ ಮೂಲೆಯಲ್ಲಿ ಏಳು ಮೆಟ್ಟಿಲಿನ ‘ಪೂತ್ತರ’ ಎಂಬ ದೇವತಾಪೀಠ. ವಿದ್ಯಾರ್ಥಿಗಳು ಬಲಗಾಲನ್ನು ಮೊದಲಿಟ್ಟು ಇಳಿದು, ನೆಲವನ್ನು ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಬರುವರು. ಎಣ್ಣೆ ಹಚ್ಚಿದ ಮೈಗಳು ದೀಪದ ಬೆಳಕಿನಲ್ಲಿ ಹೊಳೆಯುತ್ತಿದ್ದುವು. ಗುರುಕ್ಕಳರು ‘ವಾಯ್ತಾರಿ’ಯನ್ನು, ಎಂದರೆ ಬಾಯಿಂದ ಹೇಳುವ ಅಪ್ಪಣೆಗಳ ಸರಣಿಯನ್ನು, ಮಂತ್ರದಂತೆ ಹೇಳುತ್ತ ಹೋದರು, ಅದರ ಓಟಕ್ಕೆ ಸರಿಯಾಗಿ ಹತ್ತು ಹನ್ನೆರಡು ಮಂದಿ ಒಂದೇ ಮೈಯಾಗಿ ಬಾಗಿದರು, ನೆಗೆದರು, ಕಾಲನ್ನು ತಲೆಯ ಮೇಲಕ್ಕೆ ಎಸೆದರು. ಆನೆ, ಸಿಂಹ, ಕುದುರೆ, ಹಂದಿ, ಹಾವು, ನವಿಲು ಮೊದಲಾದ ಪ್ರಾಣಿಗಳ ನಿಲುವುಗಳನ್ನು ಅವರು ‘ವಡಿವು’ ಎನ್ನುತ್ತಾರೆ. ಅವು ಪ್ರಾಣಿಯ ಅಣಕವಲ್ಲ. ಸಿಂಹವು ನೆಗೆಯುವುದಕ್ಕೆ ಮೊದಲು ತನ್ನ ಬಲವನ್ನೆಲ್ಲ ಎಲ್ಲಿ ಕೂಡಿಸಿಕೊಳ್ಳುವುದೋ ಅಲ್ಲಿ ಮನುಷ್ಯನೂ ಕೂಡಿಸಿಕೊಳ್ಳಲು ಕಲಿಯಬೇಕು.

ಕಲಿಕೆಗೆ ಒಂದು ಕ್ರಮವುಂಟು. ಮೊದಲು ಮೈಯನ್ನು ಪಳಗಿಸುವ ‘ಮೆಯ್ತಾರಿ’; ಆ ಬಳಿಕ ಕೋಲುಗಳ ‘ಕೋಲ್ತಾರಿ’; ಅನಂತರ ಕತ್ತಿ, ಗುರಾಣಿ, ಈಟಿಗಳ ‘ಅಂಕತ್ತಾರಿ’; ಕೊನೆಗೆ ಬರಿಗೈಯ ವಿದ್ಯೆ. ಮಗಳು ಇನ್ನೂ ಮೊದಲನೆಯದರಲ್ಲಿಯೇ ಇದ್ದಳು. ಮೂರು ತಿಂಗಳಾದರೂ ಅವಳ ಕೈಗೆ ಒಂದು ಕೋಲನ್ನೂ ಕೊಟ್ಟಿರಲಿಲ್ಲ. ಇದನ್ನು ಕಂಡು ನನಗೆ ಒಳಗೊಳಗೇ ಸಮಾಧಾನವಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ.

ಆದರೆ ಕೊನೆಯಲ್ಲಿ ಹಿರಿಯ ಶಿಷ್ಯರಿಬ್ಬರು ಕತ್ತಿ ಗುರಾಣಿಗಳನ್ನು ಹಿಡಿದು ನಿಂತರು. ಮರದ ಕತ್ತಿಯಲ್ಲ, ಉಕ್ಕಿನದು. ಒಬ್ಬನು ಮಾರುದೂರ ನೆಗೆದು ಮತ್ತೊಬ್ಬನ ನೆತ್ತಿಯ ಮೇಲೆ ಕತ್ತಿಯನ್ನು ಇಳಿಸಿದನು. ನಾನು ಕಣ್ಣುಮುಚ್ಚಿಕೊಂಡೆನು. ಠಣ್ ಎಂದು ಗುರಾಣಿಯ ಸದ್ದಾಯಿತು. ಕಿಡಿಗಳು ಹಾರಿದುವೆಂದು ಮಗಳು ಆಮೇಲೆ ಹೇಳಿದಳು. ಧೈರ್ಯಮಾಡಿ ಕಣ್ತೆರೆದು ನೋಡಿದರೆ, ಇಬ್ಬರೂ ಒಬ್ಬರ ಮುಖದಿಂದ ಒಬ್ಬರು ಕಣ್ಣನ್ನು ಕದಲಿಸದೆ ನಿಂತಿದ್ದರು. ಮರುಕ್ಷಣದಲ್ಲಿ ಮತ್ತೊಂದು ಏಟು ಕೊರಳಿನ ಕಡೆಗೆ ಹೋಗಿ, ಚರ್ಮಕ್ಕೆ ಮೂರು ನಾಲ್ಕು ಬೆರಳು ದೂರದಲ್ಲಿ ಗಾಳಿಯಲ್ಲಿಯೇ ನಿಂತಿತು. ಅಷ್ಟು ವೇಗದಿಂದ ಹೊರಟದ್ದು ಅಷ್ಟು ಶಾಂತವಾಗಿ ನಿಲ್ಲುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಭ್ಯಾಸ ಮುಗಿದಮೇಲೆ ಗುರುಕ್ಕಳರ ಬಳಿ ಕುಳಿತೆನು. ಮಗಳು ದುಭಾಷಿಯಾದಳು. ‘ಕತ್ತಿಯನ್ನು ಬೀಸಲು ಎಷ್ಟು ಕಾಲ ಬೇಕು?’ ಎಂದು ಕೇಳಿದೆ. ‘ಬೀಸುವುದು ಒಂದು ದಿನದ ಕೆಲಸ, ನಿಲ್ಲಿಸುವುದಕ್ಕೆ ವರ್ಷಗಳು ಬೇಕು’ ಎಂದರು. ‘ನಿಲ್ಲಿಸಬೇಕಾದ ಜಾಗವನ್ನು ಕಣ್ಣಳತೆಯಿಂದ ತಿಳಿಯುವುದೆ?’ ಎಂದೆ. ಅವರು ನಕ್ಕು ಮಲೆಯಾಳದ ಹಳೆಯ ಮಾತೊಂದನ್ನು ಹೇಳಿದರು. ಮಗಳು ಅನುವಾದಿಸುವ ಅವಶ್ಯಕತೆಯೇ ಉಂಟಾಗಲಿಲ್ಲ: ಮೈಯೇ ಕಣ್ಣಾಗಬೇಕು! ನನ್ನ ತಾಯಿಯ ನುಡಿಯು ಸೋದರಭಾಷೆಯ ಬಾಯಿಂದ ನನಗೆ ತಿರುಗಿ ಬಂದಂತಾಯಿತು. ನಾವು ಅದನ್ನು ಕಾಯುವವರ ಮನಸ್ಸಿಗೆ ಹೇಳುತ್ತೇವೆ. ಅವರು ಅದನ್ನು ಅಂಗಾಲಿಗೂ ಬೆನ್ನಿಗೂ ಹೇಳುತ್ತಾರೆ. ವ್ಯತ್ಯಾಸವು ಅಷ್ಟೆ.

ಹಿಂದಿರುಗುವಾಗ ಮಗಳು ನನ್ನನ್ನು ಚೆರುತುರುತ್ತಿಗೂ ಕರೆದೊಯ್ದಳು. ಮಹಾಕವಿ ವಳ್ಳತ್ತೋಳರು ಮುಕುಂದರಾಜರೊಡನೆ 1930ರಲ್ಲಿ ಸ್ಥಾಪಿಸಿದ ಕಲಾಮಂಡಲವು ಅಲ್ಲಿದೆ. ಕಥಕಳಿಯು ಹುಟ್ಟಿದ್ದು ಹದಿನೇಳನೆಯ ಶತಮಾನದಲ್ಲಿ, ಕೊಟ್ಟಾರಕ್ಕರದ ಅರಸನು ರಚಿಸಿದ ರಾಮನಾಟ್ಟದಿಂದ. ಅದರ ಆದಿಕಾಲದ ನಟರಲ್ಲಿ ಅನೇಕರು ಕಳರಿಯಲ್ಲಿ ಪಳಗಿದ ನಾಯರ್ ಯೋಧರು. ಆದುದರಿಂದ ಯೋಧನ ಶಿಕ್ಷಣವೇ ನಟನ ಶಿಕ್ಷಣಕ್ಕೆ ತಳಹದಿಯಾಯಿತು. ಇಂದಿಗೂ ಕಥಕಳಿಯ ಹುಡುಗರು ಮಳೆಗಾಲದಲ್ಲಿ ಸೂರ್ಯೋದಯಕ್ಕೆ ಬಹಳ ಮುಂಚೆ ಎದ್ದು, ಮೈಗೆ ಎಣ್ಣೆ ಹಚ್ಚಿ, ಬೆವರು ಸುರಿಯುವವರೆಗೆ ನೆಗೆದು ಕುಣಿದು, ಆ ಬಳಿಕ ನೆಲದ ಮೇಲೆ ಮಲಗುತ್ತಾರೆ. ಗುರುವು ಪಾದದಿಂದ ಅವರ ಮೈಯನ್ನು ತಿಕ್ಕುತ್ತಾನೆ. ಈ ತಿಕ್ಕುವಿಕೆಯೂ ಕಳರಿಯಿಂದಲೇ ಬಂದದ್ದು. ಕಣ್ಣಿಗೆ ತುಪ್ಪ ಹಚ್ಚಿಕೊಂಡು ಗುಡ್ಡೆಗಳನ್ನು ಮೇಲಕ್ಕೆ, ಕೆಳಕ್ಕೆ, ಸುತ್ತಲೂ ತಿರುಗಿಸುವ ಸಾಧನೆ ಬೇರೆ. ಹೀಗೆ ಆರೆಂಟು ವರ್ಷ ಕಳೆದಮೇಲೆ ಅವನು ಭಾರವಾದ ಕಿರೀಟವನ್ನು ಹೊತ್ತು, ಮಂಡಿಗಳನ್ನು ಅಗಲಿಸಿ, ಪಾದದ ಹೊರ ಅಂಚಿನ ಮೇಲೆ ನಿಂತು ರಾತ್ರಿಯೆಲ್ಲ ಅಭಿನಯಿಸಬಲ್ಲನು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ, ಪಳಶ್ಶಿರಾಜನ ದಂಗೆಯನ್ನು ಅಡಗಿಸುವ ಕಾಲಕ್ಕೆ, ಆಂಗ್ಲರು ಮಲಬಾರಿನಲ್ಲಿ ಆಯುಧಗಳನ್ನು ನಿರ್ಬಂಧಿಸಿದರು, ಕಳರಿಗಳು ಕ್ಷೀಣಿಸಿದುವು. 1920ರ ಬಳಿಕ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್, ಅವರ ಶಿಷ್ಯ ಸಿ. ವಿ. ನಾರಾಯಣನ್ ನಾಯರ್ ಮುಂತಾದವರು ಮತ್ತೆ ಚೇತರಿಸಿಕೊಡುವವರೆಗೆ, ಆ ವಿದ್ಯೆಯ ಒಂದು ಭಾಗವನ್ನು ಕಾಪಾಡಿದ ಮನೆಗಳಲ್ಲಿ ನಟನ ಮನೆಯೂ ಒಂದು. ಯೋಧನು ನಟನಿಗೆ ಕಲಿಸಿದನು. ನಟನು ಆ ಸಾಲವನ್ನು ಹೀಗೆ ತೀರಿಸಿದನು.

ಊರಿಗೆ ಬಂದು ಭರತಮುನಿಯ ನಾಟ್ಯಶಾಸ್ತ್ರವನ್ನು ಕಪಾಟಿನಿಂದ ತೆಗೆದೆನು. ಅದರಲ್ಲಿ ರಸದ ಅಧ್ಯಾಯವನ್ನು ಓದಿದವರು ಬಹುಮಂದಿ. ನಾನೂ ಅವರಲ್ಲಿ ಒಬ್ಬ. ಕಾಲಿನ ಚಲನೆಗಳನ್ನು ಹೇಳುವ ಭಾಗವನ್ನು ಅದುವರೆಗೆ ಹಾಳೆ ಮಗುಚಿ ದಾಟಿಬಿಡುತ್ತಿದ್ದೆ. ಅಲ್ಲಿ ನೋಡಿದರೆ, ಆಯುಧ ಹಿಡಿದವನು ರಂಗದ ಮೇಲೆ ಹೇಗೆ ಚಲಿಸಬೇಕೆಂಬುದಕ್ಕೆ ಭಾರತ, ಸಾತ್ವತ, ವಾರ್ಷಗಣ್ಯ, ಕೈಶಿಕ ಎಂಬ ನಾಲ್ಕು ನ್ಯಾಯಗಳಿವೆ. ನಟನು ಮೈಗೆ ಎಣ್ಣೆಯನ್ನಾಗಲಿ ಯವದ ಗಂಜಿಯನ್ನಾಗಲಿ ತಿಕ್ಕಿ ವ್ಯಾಯಾಮ ಮಾಡಬೇಕೆಂಬ ವಿಧಿಯಿದೆ. ಅದರ ಪಕ್ಕದಲ್ಲಿಯೇ ನಿಷೇಧವೂ ಇದೆ: ರಂಗದ ಮೇಲೆ ಕಡಿಯಬಾರದು, ಚುಚ್ಚಬಾರದು, ರಕ್ತವನ್ನು ಹರಿಸಬಾರದು, ಪ್ರಹಾರವನ್ನು ಅಭಿನಯದಿಂದಲೇ ತೋರಿಸಬೇಕು. ಕತ್ತಿಯ ವಿದ್ಯೆಯನ್ನು ಕಲಿಸುವವನೇ ಅದು ತಾಗದಿರಲೆಂದು ಕಟ್ಟಳೆ ಮಾಡುತ್ತಾನೆ. ಈ ಎರಡು ಮಾತುಗಳು ಒಂದೇ ಮಾತೆಂಬುದು ನಮ್ಮ ಮೇಷ್ಟರಿಗೆ ತಿಳಿದಿದ್ದರೆ! ಆದರೆ ಅವರನ್ನು ದೂರಿ ಏನು ಫಲ? ನಮ್ಮ ಊರಿನ ಗರಡಿಯು ಶಾಲೆಯ ಹಿಂದಿನ ಬೀದಿಯಲ್ಲಿಯೇ ಇದ್ದಿತು. ಅಲ್ಲಿಯ ವಸ್ತಾದನನ್ನು ನಾಟಕದವರು ಕರೆಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಪೂರ್ವದೇಶಗಳಲ್ಲಿ ಈ ನಂಟು ಭಾರತಕ್ಕೆ ಮಾತ್ರ ಮೀಸಲಾದುದಲ್ಲ. ಚೀನಾದ ಪೀಕಿಂಗ್ ಗೀತನಾಟಕದಲ್ಲಿ ನಟನಿಗೆ ನಾಲ್ಕು ವಿದ್ಯೆಗಳು ಇರಬೇಕೆನ್ನುತ್ತಾರೆ: ಹಾಡು, ಮಾತು, ಅಭಿನಯ, ಕಾಳಗ. ‘ಮೂರು ದಾರಿ ಕೂಡುವಲ್ಲಿ’ ಎಂಬ ಅರ್ಥದ ಹೆಸರಿನ ಒಂದು ಆಟವು ಅವರಲ್ಲಿ ಪ್ರಸಿದ್ಧವಾಗಿದೆ. ಮಧ್ಯರಾತ್ರಿಯಲ್ಲಿ ಒಂದು ಛತ್ರದ ಕತ್ತಲೆಯ ಕೋಣೆಯಲ್ಲಿ ಇಬ್ಬರು ಒಬ್ಬರನ್ನೊಬ್ಬರು ಶತ್ರುವೆಂದು ಭ್ರಮಿಸಿ ಕಾದಾಡುತ್ತಾರೆ. ಸೋಜಿಗವೇನೆಂದರೆ ರಂಗದ ಮೇಲೆ ಕತ್ತಲೆಯಿರುವುದಿಲ್ಲ. ಹಗಲಿನಂತೆ ದೀಪಗಳು ಉರಿಯುತ್ತಿರುತ್ತವೆ. ನಟರು ಕಾಣದವರಂತೆ ಕೈಯಿಂದ ಗಾಳಿಯನ್ನು ತಡವುತ್ತ ಹುಡುಕುತ್ತಾರೆ. ಕತ್ತಿಯು ಮೂಗಿನ ತುದಿಯನ್ನು ಸವರಿದಂತೆ ಹಾದುಹೋಗುತ್ತದೆ. ನೋಡುವವರು ಉಸಿರು ಬಿಗಿಹಿಡಿಯುತ್ತಾರೆ. ಕುರುಡನಂತೆ ತೋರುವ ನಟನಿಗೆ ಎದುರಾಳಿಯ ಕೂದಲೆಳೆಯೂ ಕಾಣಿಸುತ್ತಿರಬೇಕು. ಇಲ್ಲದಿದ್ದರೆ ಆಟವು ಅಲ್ಲಿಗೇ ಮುಗಿದುಹೋಗುತ್ತದೆ. ನಾನು ಅಂದು ಇದಕ್ಕೆ ವಿಪರೀತವಾಗಿದ್ದೆನು: ಕಾಣುವವನಂತೆ ತೋರುತ್ತಿದ್ದ ಕುರುಡ.

ಇನ್ನು ಪಾಶ್ಚಾತ್ಯರ ವಿಷಯ. ಅಮೆರಿಕದ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಎ. ಸಿ. ಸ್ಕಾಟ್ ಎಂಬ ವಿದ್ವಾಂಸರು ಏಷ್ಯದ ರಂಗಕಲೆಯ ಶಿಕ್ಷಣವನ್ನು ಆರಂಭಿಸಿ, ನಟರಿಗೆ ಚೀನಾದ ತೈಜಿಚ್ವಾನ್ ಎಂಬ ಯುದ್ಧಕಲೆಯನ್ನು ಕಲಿಸತೊಡಗಿದರು. ಅವರ ಬಳಿ ಅದನ್ನು ಕಲಿತ ಫಿಲಿಪ್ ಜರಿಲ್ಲಿ ಎಂಬುವರು 1976ರಲ್ಲಿ ಕಥಕಳಿಯನ್ನು ಕಲಿಯಲು ಕೇರಳಕ್ಕೆ ಬಂದರು. ಬಂದವರು ತಿರುವನಂತಪುರದ ಗುರುಕ್ಕಳ್ ಗೋವಿಂದನ್‌ಕುಟ್ಟಿ ನಾಯರರ ಶಿಷ್ಯರಾದರು. ಕಾಲ್ಚೆಂಡು, ಕುಸ್ತಿಗಳಲ್ಲಿ ಬೆಳೆದ ತಮ್ಮ ದೇಹವನ್ನು ಅವರು ಮೊದಮೊದಲು ಬಲಾತ್ಕಾರದಿಂದ ಬಗ್ಗಿಸಲು ಹೋಗಿ ಸೋತರಂತೆ. ಬಲವನ್ನು ಬಿಟ್ಟಮೇಲೆ ವಿದ್ಯೆಯು ಕೈಹಿಡಿಯಿತು. ಮತ್ತೆ ಮತ್ತೆ ಬಂದು ಒಟ್ಟು ಏಳು ವರ್ಷಗಳಷ್ಟು ಕಾಲ ಕಲಿತರು. 1988ರಲ್ಲಿ ಗುರುವು ಅವರಿಗೆ ಆಚಾರ್ಯತ್ವದ ಗುರುತಾದ ಪೀಠವನ್ನು ಕೊಟ್ಟರು. 1998ರಲ್ಲಿ ಅವರು ಕಳರಿಯನ್ನು ಕುರಿತು ಬರೆದ ದೊಡ್ಡ ಗ್ರಂಥಕ್ಕೆ ‘ದೇಹವು ಎಲ್ಲ ಕಣ್ಣಾದಾಗ’ ಎಂಬರ್ಥದ ಆಂಗ್ಲ ಹೆಸರನ್ನಿಟ್ಟರು. 2020ರಲ್ಲಿ ತೀರಿಕೊಳ್ಳುವವರೆಗೂ ಅವರು ನಟರಿಗೆ ಕಳರಿ, ತೈಜಿ, ಯೋಗ ಮೂರನ್ನೂ ಸೇರಿಸಿ ಕಲಿಸುತ್ತಿದ್ದರು. ವೇಲ್ಸ್ ದೇಶದ ತಮ್ಮ ಮನೆಯ ಬಳಿ ಒಂದು ಕಳರಿಯನ್ನೂ ಕಟ್ಟಿಕೊಂಡಿದ್ದರು.

ಇಷ್ಟೆಲ್ಲ ಕಲಿತು ಅವರು ಆಡಿಸಿದ ನಾಟಕಗಳು ಯಾವುವು? ಯುದ್ಧದ ನಾಟಕಗಳೆಂದು ಊಹಿಸಿದ್ದ ನಾನು ಬೆರಗಾದೆನು. ಅವರು 2004ರಲ್ಲಿ ಸಿಂಗಪುರದಲ್ಲಿ ಆಡಿಸಿದ್ದು ಜಪಾನಿನ ಓಟ ಶೋಗೋ ಅವರ ‘ನೀರಿನ ನಿಲ್ದಾಣ’ ಎಂಬ ಕೃತಿ. ಅದರಲ್ಲಿ ಕತ್ತಿಯಿಲ್ಲ, ಮಾತೂ ಇಲ್ಲ. ಒಂದು ಮುರುಕು ನಲ್ಲಿಯಿಂದ ನೀರು ಸೋರುತ್ತಿರುತ್ತದೆ. ದಾರಿಹೋಕರು ಒಬ್ಬೊಬ್ಬರಾಗಿ ಅತ್ಯಂತ ನಿಧಾನವಾಗಿ ನಡೆದು ಬಂದು, ನೀರನ್ನು ಕುಡಿದು, ಮುಂದೆ ಸಾಗುತ್ತಾರೆ. ಅಷ್ಟು ನಿಧಾನದಲ್ಲಿ ಜೀವವಿರಬೇಕಾದರೆ ಹೆಜ್ಜೆಯೊಂದೊಂದರಲ್ಲಿಯೂ ಎಚ್ಚರವಿರಬೇಕು. ನೆಗೆಯುವ ಸಿಂಹವೂ ನೀರಿಗೆ ಬರುವ ಮುದುಕಿಯೂ ಒಂದೇ ಬೇರಿನಿಂದ ಬೆಳೆಯಬಹುದೆಂದಾಯಿತು.

ಹಾಗೆಂದು ಈ ಕೊಡುಕೊಳ್ಳುವಿಕೆಯೆಲ್ಲ ನಿರ್ದೋಷವೆಂದು ನಾನು ಹೇಳಲಾರೆ. ಯುಜೇನಿಯೋ ಬಾರ್ಬಾ ಎಂಬ ಇಟಲಿಯ ರಂಗಕರ್ಮಿ 1963ರಲ್ಲಿ ಕಲಾಮಂಡಲಕ್ಕೆ ಬಂದು ನೋಡಿದ ಅಭ್ಯಾಸಕ್ರಮಗಳ ವಿವರವು ಪೋಲೆಂಡಿನ ಗ್ರೊಟೋವ್‌ಸ್ಕಿಯ ನಾಟಕಶಾಲೆಗೆ ತಲುಪಿತು. ಅಂದಿನಿಂದ ಪಶ್ಚಿಮದ ನಟರಿಗೆ ನಮ್ಮ ಕಡೆಯ ಸಾಧನೆಗಳ ಹಸಿವು ಹೆಚ್ಚುತ್ತಲೇ ಬಂದಿದೆ. ಹಸಿವು ತಪ್ಪಲ್ಲ. ಆದರೆ ಐದು ದಿನಗಳ ಶಿಬಿರದಲ್ಲಿ ಎರಡು ನೆಗೆತ, ಮೂರು ನಿಲುವುಗಳನ್ನು ಕಲಿತು ‘ಕಳರಿ ಬಲ್ಲೆ’ ಎನ್ನುವವರನ್ನು ಪಶ್ಚಿಮದಲ್ಲಿಯೇ ಹುಡುಕಬೇಕಾಗಿಲ್ಲ. ನಮ್ಮ ಊರುಗಳಲ್ಲಿಯೂ ಕಾಣಬಹುದು. ವಿದ್ಯೆಯು ಯಾವ ದೇಶದವನಿಗೆ ಸೇರಿದ್ದೆಂಬ ಜಗಳಕ್ಕಿಂತ, ಅದಕ್ಕೆ ಎಷ್ಟು ವರ್ಷಗಳನ್ನು ಕೊಟ್ಟಿದ್ದಾನೆಂಬ ಪ್ರಶ್ನೆಯೇ ನನಗೆ ಹಿರಿದಾಗಿ ತೋರುತ್ತದೆ. ಅವಸರದಲ್ಲಿ ಕಲಿತವನ ಕೈಯಲ್ಲಿ ಬೀಸುವ ಭಾಗ ಮಾತ್ರ ಉಳಿಯುತ್ತದೆ. ನಿಲ್ಲಿಸುವ ಭಾಗವು ಗುರುವಿನ ಮನೆಯಲ್ಲಿಯೇ ಉಳಿದುಬಿಡುತ್ತದೆ. ಮಣಿಪುರದ ರತನ್ ಥಿಯಾಮರು 1976ರಲ್ಲಿ ಇಂಫಾಲದಲ್ಲಿ ತಮ್ಮ ನಾಟಕಮಂಡಲಿಯನ್ನು ಕಟ್ಟಿದಾಗ, ಕತ್ತಿ ಈಟಿಗಳ ‘ಥಾಂಗ್-ತಾ’ವನ್ನು ನಟರ ನಿತ್ಯದ ಅಭ್ಯಾಸಕ್ಕೆ ಸೇರಿಸಿಕೊಂಡರು. ಅವರು ದಾರಿಗೆ ಬಿದ್ದ ಪ್ರವಾಸಿಗಳಲ್ಲ. 2025ರಲ್ಲಿ ಕಾಲವಾಗುವವರೆಗೂ ಅದೇ ಮಣ್ಣಿನಲ್ಲಿ ದುಡಿದವರು. ಅವರ ಹೆಸರನ್ನು ದೇಶಾಂತರಕ್ಕೆ ಒಯ್ದ 1984ರ ನಾಟಕ ಯಾವುದೆಂದು ತಿಳಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು. ಅದು ‘ಚಕ್ರವ್ಯೂಹ’, ಅಭಿಮನ್ಯುವಿನ ಕಥೆ.

ಮಗಳು ಒಂದು ವರ್ಷವಲ್ಲ, ಮೂರು ವರ್ಷ ಕಲಿತಳು. ನಾನು ಬೇಡವೆನ್ನಲಿಲ್ಲ. ಹಿಂದಿರುಗಿದ ಮೇಲೆ ನಮ್ಮ ಜಿಲ್ಲೆಯ ಊರಿನಲ್ಲಿ ಅವಳ ನಾಟಕವೊಂದು ನಡೆಯಿತು. ಗೆಳೆಯನನ್ನು ಕರೆದೆನು, ಅವನು ಏನೂ ಹೇಳದೆ ಅಂಗಿಯನ್ನು ತೊಟ್ಟು ಹೊರಟನು. ಅವಳದು ಒಬ್ಬ ಮುದುಕಿಯ ಪಾತ್ರ. ಮಗನು ಬರುವನೆಂದು ಹೊಸ್ತಿಲಲ್ಲಿ ಕುಳಿತು ಕಾಯುವುದಷ್ಟೇ ಮೊದಲ ದೃಶ್ಯ. ಮಾತಿಲ್ಲ, ಚಲನೆಯೂ ಬಹಳವಿಲ್ಲ. ಆದರೂ ಯಾರೂ ಕೆಮ್ಮಲಿಲ್ಲ. ಎಲ್ಲೋ ದೂರದಲ್ಲಿ ಬಂಡಿಯ ಸದ್ದಾದಾಗ ಅವಳು ತಲೆಯನ್ನು ಎತ್ತಲಿಲ್ಲ. ಅವಳ ಬೆನ್ನು ಅದನ್ನು ಕೇಳಿತು. ನಮ್ಮ ಸಾಲಿನವರೆಲ್ಲ ಬಂಡಿ ಬರುವ ಕಡೆಗೆ ತಿರುಗಿ ನೋಡಿದರು.

ನಾಟಕ ಮುಗಿದು ಹೊರಗೆ ಬರುವಾಗ ಗೆಳೆಯನು ಹೇಳಿದನು: ‘ನಿನ್ನ ಮಗಳು ಎದುರಿಗೆ ಬರುವವರನ್ನು ನೋಡುತ್ತಾಳೆ ಕಣೋ. ನೀನು ಅಂದು ನನ್ನನ್ನು ನೋಡಲೇ ಇಲ್ಲ. ಜನರನ್ನು ನೋಡುತ್ತಿದ್ದೆ.’ ಐವತ್ತು ವರ್ಷಗಳಲ್ಲಿ ಅವನು ಆ ರಾತ್ರಿಯ ಸುದ್ದಿಯನ್ನೆತ್ತಿದ್ದು ಅದೇ ಮೊದಲು. ದನಿಯಲ್ಲಿ ಕೋಪವಿರಲಿಲ್ಲ. ದೀಪದ ಕಂಬದ ಕೆಳಗೆ ನಿಂತು, ಆಡಬೇಕಾಗಿದ್ದ ಮಾತನ್ನು ಆಡಿದೆನು. ಅವನು ಹುಬ್ಬಿನ ಮೇಲಿನ ಗೆರೆಯನ್ನು ಬೆರಳಿನಿಂದ ಸವರಿಕೊಂಡು, ‘ಚಪ್ಪಾಳೆ ಮಾತ್ರ ಚೆನ್ನಾಗಿ ಬಿದ್ದಿತ್ತು, ಅಲ್ಲವೆ?’ ಎಂದು ನಕ್ಕನು. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಮಗಳು ಬಣ್ಣವನ್ನು ತೊಳೆದುಕೊಂಡು ಬಂದು ಅವನ ಕಾಲಿಗೆ ನಮಸ್ಕರಿಸಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು, ಎರಡನೆಯ ದೃಶ್ಯದಲ್ಲಿ ಅವಳು ಆಡಿದ ಒಂದು ಮಾತನ್ನು ಇನ್ನೂ ಸ್ವಲ್ಪ ತಡೆದು ಆಡಬಹುದಾಗಿತ್ತೆಂದು ಹೇಳಿ, ತಾನೇ ಅದನ್ನು ಆಡಿ ತೋರಿಸಿದನು. ಬಸ್ಸಿಗೆ ಹೊತ್ತಾಗಿದ್ದರೂ ನಾವು ಮೂವರೂ ಅಲ್ಲಿಯೇ ನಿಂತಿದ್ದೆವು.